ಮನುಷ್ಯ ಹುಟ್ಟಾ ಒಳ್ಳೆಯವನೇ? ಪಶ್ಚಿಮದವರನ್ನೂ ಇಸ್ಲಾಮಿನ ಚಿಂತಕರನ್ನೂ ಪಕ್ಕಪಕ್ಕ ಇಟ್ಟು ಓದುವ ಬಗೆ

ಮುಂಬೈಯ ಮಾಟುಂಗದಲ್ಲಿ ಭಾನುವಾರ ಸಂಜೆ ನಾವು ಆರು ಜನ ಸೇರುತ್ತೇವೆ. ಇಬ್ಬರು ಹೋಟೆಲಿನವರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರು ಟೀಚರ್, ಭಟ್ಕಳ ಕಡೆಯ ಒಬ್ಬ ಅಕೌಂಟೆಂಟ್, ಮತ್ತೆ ನಾನು. ಓದು ನೆಪ, ಫಿಲ್ಟರ್ ಕಾಫಿ ನಿಜ ಎಂದು ಮನೆಯವರು ತಮಾಷೆ ಮಾಡುತ್ತಾರೆ. ಒಮ್ಮೆ ನಾನೇ ಒಂದು ವಿಷಯ ಎತ್ತಿದೆ. ಮನುಷ್ಯನ ಸ್ವಭಾವದ ಬಗ್ಗೆ ಪಶ್ಚಿಮದವರು ಏನು ಹೇಳಿದರು, ಇಸ್ಲಾಮಿನ ಚಿಂತಕರು ಏನು ಹೇಳಿದರು, ಹೋಲಿಸಿ ನೋಡೋಣ ಎಂದೆ.

ಮೊದಲ ಸಂಜೆ ಕೆಟ್ಟುಹೋಯಿತು. ಅರ್ಧ ಗಂಟೆಯಲ್ಲಿ ಅದು ಕ್ರಿಕೆಟ್ ಮ್ಯಾಚ್ ಆಗಿಬಿಟ್ಟಿತು. ಒಬ್ಬರು ಅವರ ಕಡೆ ಸ್ಕೋರ್ ಹೇಳುವುದು, ಇನ್ನೊಬ್ಬರು ಇವರ ಕಡೆ. ನಡುವೆ ನಾನು ಅಕೌಂಟೆಂಟ್ ಗೆಳೆಯರ ಕಡೆ ತಿರುಗಿ, 'ನಿಮ್ಮಲ್ಲಿ ಇದಕ್ಕೆ ಏನಂತಾರೆ?' ಎಂದು ಕೇಳಿಬಿಟ್ಟೆ. ಇಡೀ ದಿನ ಲೆಕ್ಕಪತ್ರ ನೋಡಿ ದಣಿದ ಮನುಷ್ಯ. ಇಸ್ಲಾಮಿನ 1400 ವರ್ಷದ ಚಿಂತನೆಗೆ ಅವರೊಬ್ಬರೇ ಜವಾಬು ಕೊಡಬೇಕೇ? ಅವರು ಕೈ ತೊಳೆಯಲು ಎದ್ದುಹೋದವರು ಕಾಫಿ ಬರುವವರೆಗೂ ಒಳಗೆ ಬರಲಿಲ್ಲ. ತಪ್ಪು ನನ್ನದೇ.

ಆಮೇಲೆ ಓದುವ ಕ್ರಮವನ್ನೇ ಬದಲಿಸಿದೆವು. ಐದಾರು ವಾರ ಹಿಡಿಯಿತು. ನೀವೂ ಮಾಡಬಹುದು. ಒಂದು ನೋಟ್‌ಬುಕ್, ಇಬ್ಬರಿಂದ ಆರು ಜನ, ವಾರಕ್ಕೆ ಹತ್ತು ಪುಟದ ಜೆರಾಕ್ಸ್, ಇಷ್ಟೇ ಬೇಕಾದದ್ದು. ಪುಟ ಇದಕ್ಕಿಂತ ಜಾಸ್ತಿ ಮಾಡಬೇಡಿ, ಯಾರೂ ಓದಿಕೊಂಡು ಬರುವುದಿಲ್ಲ.

ಹೆಜ್ಜೆ 1: ಮೊದಲು ನಿಮ್ಮ ಗಾದೆ ಬರೆಯಿರಿ

ಪುಸ್ತಕ ತೆರೆಯುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮನುಷ್ಯ ಸ್ವಭಾವದ ಬಗ್ಗೆ ತಮಗೆ ನಿಜ ಅನಿಸುವ ಒಂದು ಗಾದೆ ಬರೆಯಲಿ. ನಮ್ಮಲ್ಲಿ ಮೂರು ಬಗೆಯ ಚೀಟಿ ಬಂದವು. 'ಹುಟ್ಟುಗುಣ ಸುಟ್ಟರೂ ಹೋಗದು.' 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ.' 'ಸಹವಾಸದಿಂದ ಸನ್ಯಾಸಿ ಕೆಟ್ಟ.'

ಮೂರನ್ನೂ ಮೇಜಿನ ಮೇಲೆ ಇಟ್ಟು ನೋಡಿ. ಒಂದಕ್ಕೊಂದು ಹೊಂದುವುದೇ ಇಲ್ಲ. ಮೊದಲನೆಯದರ ಪ್ರಕಾರ ಸ್ವಭಾವ ಗಟ್ಟಿ ಕಲ್ಲು. ಎರಡನೆಯದರ ಪ್ರಕಾರ ಅದು ಎಳೆಯದಿರುವಾಗ ಬಗ್ಗುತ್ತದೆ. ಮೂರನೆಯದರಲ್ಲಿ ಮನುಷ್ಯ ಸರಿಯಾಗಿಯೇ ಇದ್ದ, ಕೆಡಿಸಿದ್ದು ಸುತ್ತಲಿನವರು. ಇದೇ ಕೊನೆಯ ಮಾತನ್ನು 1755ರಲ್ಲಿ ಫ್ರೆಂಚ್ ಬರಹಗಾರ ರೂಸೋ ದೊಡ್ಡ ವಾದವಾಗಿ ಬೆಳೆಸಿದ. ಎರಡನೆಯದನ್ನು ಗ್ರೀಕರ ಅರಿಸ್ಟಾಟಲ್ ಒಪ್ಪುತ್ತಿದ್ದ, 14ನೇ ಶತಮಾನದ ಅರಬ್ಬಿ ಇತಿಹಾಸಕಾರ ಇಬ್ನ್ ಖಲ್ದೂನನೂ ಒಪ್ಪುತ್ತಿದ್ದ. ಮನುಷ್ಯ ತನ್ನ ಹುಟ್ಟಿಗಿಂತ ಜಾಸ್ತಿ ತನ್ನ ರೂಢಿಯ ಮಗ ಎಂಬುದು ಇಬ್ನ್ ಖಲ್ದೂನನ ಮಾತಿನ ಸಾರ.

ಕನ್ನಡವೊಂದರಲ್ಲೇ ಮೂರು ಅಭಿಪ್ರಾಯ ಇರುವಾಗ 'ಪಶ್ಚಿಮದ ಅಭಿಪ್ರಾಯ' ಎಂಬ ಒಂದೇ ಒಂದು ಎಲ್ಲಿ ಸಿಕ್ಕೀತು? ಚೀಟಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಡಿ. ಆಮೇಲೆ ಬೇಕಾಗುತ್ತವೆ.

ಹೆಜ್ಜೆ 2: ಎರಡು ಕಾಲಮ್ಮಿನ ಚಾರ್ಟ್ ಹರಿದುಹಾಕಿ

ಎಡಕ್ಕೆ ಪಶ್ಚಿಮ, ಬಲಕ್ಕೆ ಇಸ್ಲಾಂ ಎಂದು ಗೆರೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ನಮಗೂ ಬಂತು. ಮೊದಲ ಹೆಸರು ಬರೆಯುವಾಗಲೇ ಸಿಕ್ಕಿಬಿದ್ದೆವು. ಅರಿಸ್ಟಾಟಲ್ ಯಾವ ಕಡೆ?

9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್, ಅವನ ಮಗ, ಅವರ ಸಂಗಡಿಗರು ಸೇರಿ ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದರು. ಹುನೈನ್ ಕ್ರೈಸ್ತ, ಗಮನಿಸಿ. ಮುಂದೆ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದ ಇಬ್ನ್ ರುಶ್ದ್ (1126–1198) ಅರಿಸ್ಟಾಟಲನಿಗೆ ವ್ಯಾಖ್ಯಾನ ಬರೆದ. 13ನೇ ಶತಮಾನದಲ್ಲಿ ಅವು ಲ್ಯಾಟಿನ್‌ಗೆ ಹೋದವು. ಕ್ರೈಸ್ತ ದೇವತಾಶಾಸ್ತ್ರಿ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನನ್ನು ಸುಮ್ನೆ 'ತತ್ವಜ್ಞಾನಿ' ಎಂದೂ ಇಬ್ನ್ ರುಶ್ದನನ್ನು ಸುಮ್ನೆ 'ವ್ಯಾಖ್ಯಾನಕಾರ' ಎಂದೂ ಕರೆಯುತ್ತಿದ್ದ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತು.

ಇದಕ್ಕೆ ನಮ್ಮ ಊರಿನಲ್ಲೇ ಒಂದು ಸಾಕ್ಷಿ ಇದೆ. ಫೋರ್ಟಿನ ಟೌನ್ ಹಾಲ್ ಗೊತ್ತಲ್ಲ, ಹಾರ್ನಿಮನ್ ಸರ್ಕಲ್ ಎದುರಿಗೆ, 30 ಮೆಟ್ಟಿಲಿನ ಬಿಳಿ ಕಟ್ಟಡ? ಅಲ್ಲಿರುವ ಏಷ್ಯಾಟಿಕ್ ಸೊಸೈಟಿಯಲ್ಲಿ ಇಟಲಿಯ ಕವಿ ಡಾಂಟೆಯ ಮಹಾಕಾವ್ಯದ ಬಹಳ ಹಳೆಯ ಹಸ್ತಪ್ರತಿ ಇದೆ. ಆ ಕಾವ್ಯದ ನರಕದ ಅಂಚಿನಲ್ಲಿ ಹಿಂಸೆಯಿಲ್ಲದ ಒಂದು ಹಸಿರು ಜಾಗವಿದೆ. ಅಲ್ಲಿ ಅರಿಸ್ಟಾಟಲ್ ಇದ್ದಾನೆ, ಪ್ಲೇಟೋ ಇದ್ದಾನೆ, ಅದೇ ಗುಂಪಿನಲ್ಲಿ ವೈದ್ಯನೂ ತತ್ವಜ್ಞಾನಿಯೂ ಆದ ಇಬ್ನ್ ಸೀನಾ ಮತ್ತು ಇಬ್ನ್ ರುಶ್ದ್ ಇದ್ದಾರೆ. ಹಸ್ತಪ್ರತಿ ದಿನಾ ಹೊರಗಿಡುವ ವಸ್ತುವಲ್ಲ. ಆದರೂ ಆ ಮೆಟ್ಟಿಲಿನ ಮೇಲೆ ಕೂತು ಈ ಮಾತು ಆಡಿದರೆ ತಲೆಯಲ್ಲಿ ಉಳಿಯುತ್ತದೆ.

ಆದ್ದರಿಂದ ನಾಗರಿಕತೆಗಳನ್ನು ಬಿಟ್ಟು ಒಬ್ಬೊಬ್ಬ ಮನುಷ್ಯನನ್ನು ಹಿಡಿಯಿರಿ. ಇಂಥವನು, ಇಂಥ ಪುಸ್ತಕದಲ್ಲಿ, ಇಂಥ ಕಾಲದಲ್ಲಿ. ಪುಟಕ್ಕೆ ಇಬ್ಬರು.

ಹೆಜ್ಜೆ 3: ಪದಗಳಿಗೆ ಒಂದು ಪುಟ

ಇದನ್ನು ಬಿಟ್ಟವರೇ ಜಾಸ್ತಿ ಎಡವುತ್ತಾರೆ. ಕನ್ನಡದ ಪದಗಳು ತಮ್ಮ ಗಂಟುಮೂಟೆ ಜೊತೆಗೇ ಬರುತ್ತವೆ. 'ಆತ್ಮ' ಎಂದ ಕೂಡಲೇ ನಮಗೆ ಪುನರ್ಜನ್ಮ, ಕರ್ಮ, ಮುಕ್ತಿ ಎಲ್ಲ ನೆನಪಾಗುತ್ತದೆ. ಅರಿಸ್ಟಾಟಲನ 'ಪ್ಸುಖೇ' ಅದಲ್ಲ. ಅವನ ಪ್ರಕಾರ ತೆಂಗಿನ ಮರಕ್ಕೂ ಅದು ಇದೆ, ಬೆಳೆಯುವ ಶಕ್ತಿಯಾಗಿ. ಪ್ರಾಣಿಗೆ ಜೊತೆಗೆ ಇಂದ್ರಿಯವಿದೆ, ಮನುಷ್ಯನಿಗೆ ಮೇಲೊಂದು ಬುದ್ಧಿ. ಅದಕ್ಕೆ ನಮ್ಮ 'ಜೀವ' ಎಷ್ಟೋ ಹತ್ತಿರ. 'ಪಾಪ' ಇನ್ನೊಂದು ತೊಂದರೆಯ ಪದ. ನಮ್ಮಲ್ಲಿ 'ಅಯ್ಯೋ ಪಾಪ' ಎಂದರೆ ಕನಿಕರ, ಅಲ್ವಾ? ಕ್ರೈಸ್ತ ಸಂತ ಆಗಸ್ಟೀನನ ಪಾಪದಲ್ಲಿ ಆ ಕನಿಕರ ಹುಡುಕಬೇಡಿ.

ಅರಬ್ಬಿಯ ನಾಲ್ಕೈದು ಪದಗಳನ್ನು ಹಾಗೇ ಇಟ್ಟುಕೊಳ್ಳಿ. ಫಿತ್ರಾ ಎಂದರೆ ಮನುಷ್ಯನನ್ನು ಸೃಷ್ಟಿಸಿದಾಗಲೇ ಇಟ್ಟ ಮೂಲ ಒಲವು. ನಫ್ಸ್ ಎಂದರೆ 'ತಾನು', ಜೊತೆಗೆ ಆ ತಾನಿನ ಆಸೆ ಆತುರ. ಕುರ್‌ಆನ್ ನಫ್ಸಿನ ಮೂರು ಸ್ಥಿತಿ ಹೇಳುತ್ತದೆ: ಕೆಟ್ಟದ್ದಕ್ಕೆ ಎಳೆಯುವುದು, ತನ್ನನ್ನೇ ಬೈದುಕೊಳ್ಳುವುದು, ನೆಮ್ಮದಿಗೆ ಬಂದದ್ದು. ಕಲ್ಬ್ ಎಂದರೆ ಹೃದಯ, ಅದರ ಧಾತುವಿಗೆ ಮಗುಚುವುದು, ತಿರುಗುವುದು ಎಂಬ ಅರ್ಥ. ಅಕ್ಲ್ ಎಂದರೆ ಬುದ್ಧಿ. ಮುಂಬೈಯಲ್ಲಿ 'ಅಕಲ್ ಹೈ ಕ್ಯಾ' ಎಂದು ದಿನಾ ಬೈಸಿಕೊಳ್ಳುತ್ತೇವಲ್ಲ, ಅದೇ ಪದ. ಒಂಟೆಯ ಕಾಲಿಗೆ ಕಟ್ಟುವ ಹಗ್ಗದ ಹೆಸರೂ ಅದೇ ಧಾತುವಿನಿಂದ ಬಂದದ್ದು. ಬುದ್ಧಿ ಎಂದರೆ ಕಟ್ಟಿ ನಿಲ್ಲಿಸುವುದು ಎಂಬ ಚಿತ್ರವೇ ಆ ಪದದೊಳಗಿದೆ. ಗ್ರೀಕರು ಬುದ್ಧಿಗೆ ಸಾರಥಿಯ ಚಿತ್ರ ಕೊಟ್ಟರು, ಓಡಿಸುವವನು. ಹೋಲಿಕೆ ಇಲ್ಲೇ ಶುರುವಾಗಿಬಿಟ್ಟಿತು ನೋಡಿ.

ಹೆಜ್ಜೆ 4: ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ

ಮನುಷ್ಯ ಹುಟ್ಟುವಾಗ ಏನು ತರುತ್ತಾನೆ? ಎಲ್ಲಿ ಕೆಡುತ್ತಾನೆ? ಯಾವುದು ಅವನನ್ನು ಸರಿಮಾಡುತ್ತದೆ? ಅದನ್ನು ಒಬ್ಬನೇ ಮಾಡಿಕೊಳ್ಳಬಲ್ಲನೇ? ಒಂದೊಂದಕ್ಕೂ ಒಂದೇ ವಾಕ್ಯದ ಉತ್ತರ ಬರೆಯಿರಿ. ಎರಡನೇ ವಾಕ್ಯ ಬೇಕೆನಿಸಿದರೆ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಎಲ್ಲರೂ ಮೊದಲ ಪ್ರಶ್ನೆಗೇ ಅಂಟಿಕೊಳ್ಳುತ್ತಾರೆ, ಒಳ್ಳೆಯವನೋ ಕೆಟ್ಟವನೋ ಎಂದು. ನನ್ನ ಅನುಭವದಲ್ಲಿ ಅದು ಅಷ್ಟು ಫಲ ಕೊಡುವುದಿಲ್ಲ. 'ಎಲ್ಲಿ ಕೆಡುತ್ತಾನೆ' ಎಂದು ಕೇಳಿ, ಆಗ ಒಬ್ಬೊಬ್ಬರೂ ಬೇರೆಬೇರೆ ದಾರಿ ಹಿಡಿಯುತ್ತಾರೆ. ರೋಗ ಯಾವುದೆಂದು ಹೇಳಿದವನೇ ಮದ್ದನ್ನೂ ಹೇಳಬೇಕಲ್ಲ.

ಹೆಜ್ಜೆ 5: ಜೋಡಿಗಳು

ಕದ್ದ ಪಿಯರ್ ಹಣ್ಣು ಮತ್ತು ಆದಮನ ಮರೆವು. ಆಗಸ್ಟೀನ್ (354–430) ಹದಿನಾರರ ಹುಡುಗನಾಗಿದ್ದಾಗ ಗೆಳೆಯರ ಜೊತೆ ಪಿಯರ್ ಹಣ್ಣು ಕದ್ದ. ಹಸಿವಿಗಲ್ಲ. ಹಂದಿಗಳಿಗೆ ಎಸೆದರು. ಕದಿಯುವ ಖುಷಿಗೇ ಕದ್ದೆ ಎಂದು ದೊಡ್ಡವನಾದ ಮೇಲೆ ಬರೆದು ಪುಟಗಟ್ಟಲೆ ಕೊರಗುತ್ತಾನೆ. ಮಾವಿನಕಾಯಿ ಕದ್ದ ನಮಗೆ ಇದು ಅತಿ ಎನಿಸುತ್ತದೆ. ಆದರೆ ಅವನು ಕೇಳುವ ಪ್ರಶ್ನೆ ಗಟ್ಟಿ: ಲಾಭವೇ ಇಲ್ಲದ ಕೆಟ್ಟ ಕೆಲಸ ಏಕೆ ರುಚಿಸುತ್ತದೆ? ಅವನ ಉತ್ತರದಲ್ಲಿ ಆದಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಬಂದಿದೆ, ಇಚ್ಛೆಯೇ ಬಾಗಿಹೋಗಿದೆ, ದೇವರ ಕೃಪೆಯಿಲ್ಲದೆ ನೆಟ್ಟಗಾಗದು.

ಕುರ್‌ಆನಿನಲ್ಲೂ ಆದಮ್ ತಿನ್ನಬಾರದ ಮರದಿಂದ ತಿನ್ನುತ್ತಾನೆ. ಆದರೆ ಪಶ್ಚಾತ್ತಾಪಪಟ್ಟಾಗ ಕ್ಷಮೆ ಅಲ್ಲೇ ಸಿಗುತ್ತದೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂದೂ ಹೇಳಿದೆ (6:164). ಆದಮನಿಗೆ ಏನಾಯಿತು ಎಂದರೆ, ಅವನು ಮರೆತ (20:115). ಇಲ್ಲಿ ರೋಗದ ಹೆಸರು ಮರೆವು, ಮದ್ದಿನ ಹೆಸರು ದಿಕ್ರ್, ನೆನಪು.

ಇಲ್ಲಿಗೆ ನಿಲ್ಲಿಸಿ 'ಅವರು ಕತ್ತಲೆ, ಇವರು ಬೆಳಕು' ಎಂದರೆ ಮತ್ತೆ ಕ್ರಿಕೆಟ್ ಮ್ಯಾಚ್. ಅದೇ ಕುರ್‌ಆನ್ ಮನುಷ್ಯನನ್ನು ದುರ್ಬಲ, ಆತುರಗಾರ ಎನ್ನುತ್ತದೆ. ಭೂಮಿಯಲ್ಲಿ ಒಬ್ಬ ಪ್ರತಿನಿಧಿಯನ್ನು ಇಡುತ್ತೇನೆ ಎಂದು ದೇವರು ಹೇಳಿದಾಗ, ರಕ್ತ ಸುರಿಸುವವನನ್ನು ಇಡುತ್ತೀಯಾ ಎಂದು ದೇವದೂತರೇ ಕೇಳುತ್ತಾರೆ (2:30). ಆ ಕಡೆ, ಆಗಸ್ಟೀನನ ಕಾಲದಲ್ಲೇ ಪೆಲಾಜಿಯಸ್ ಎಂಬ ಕ್ರೈಸ್ತ, ಪಾಪ ಹಾಗೆ ಹುಟ್ಟಿನಿಂದ ಬರುವುದಿಲ್ಲ ಎಂದು ವಾದಿಸಿದ. ಎರಡೂ ಕಡೆಯ ಈ ಎದುರುಮಾತುಗಳನ್ನು ಪುಟದ ಅಂಚಿನಲ್ಲಿ ಬರೆದುಕೊಳ್ಳಿ.

ಒಳಗಿನ ಪ್ರಾಣಿಗಳು. ಇದು ಚಿಕ್ಕದು, ಖುಷಿಯದು, ಕಾಲೇಜು ಹುಡುಗರಿದ್ದರೆ ಇದರಿಂದಲೇ ಶುರು ಮಾಡಿ. ಪ್ಲೇಟೋ ಪ್ರಕಾರ ನಮ್ಮೊಳಗೆ ಹಲವು ತಲೆಯ ಒಂದು ಮೃಗ, ಒಂದು ಸಿಂಹ, ಒಬ್ಬ ಮನುಷ್ಯ ಇದ್ದಾರೆ. ಇಸ್ಲಾಮಿನ ವಿದ್ವಾಂಸ ಗಝಾಲಿ (1058–1111) ಪ್ರಕಾರ ಹಂದಿ, ನಾಯಿ, ಸೈತಾನ, ಒಬ್ಬ ಜ್ಞಾನಿ. ಹಂದಿ ಆಸೆ, ನಾಯಿ ಸಿಟ್ಟು. ಲೆಕ್ಕ ಹಾಕಿದರೆ ಒಬ್ಬ ಜಾಸ್ತಿ ಬಂದ, ಸೈತಾನ. ಬುದ್ಧಿಯನ್ನೇ ಬಳಸಿಕೊಂಡು ಹಂದಿ ನಾಯಿಗಳಿಗೆ ವಕೀಲಿಕೆ ಮಾಡುವವನು ಅವನು. ಪ್ಲೇಟೋ ಚಿತ್ರಕ್ಕಿಂತ ಇದೇ ನನಗೆ ಹೆಚ್ಚು ಸರಿ ಕಾಣುತ್ತದೆ. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಆ ವಕೀಲನವೇ.

ಗಾಳಿಯಲ್ಲಿ ತೇಲುವವನು. ಇಬ್ನ್ ಸೀನಾ (980–1037) ಒಂದು ಕಲ್ಪನೆ ಮಾಡಿದ. ಒಬ್ಬ ಮನುಷ್ಯ ಒಮ್ಮೆಲೇ ಪೂರ್ತಿ ಬೆಳೆದವನಾಗಿ ಸೃಷ್ಟಿಯಾಗಿ ಗಾಳಿಯಲ್ಲಿ ತೇಲುತ್ತಿದ್ದಾನೆ. ಕಣ್ಣು ಮುಚ್ಚಿದೆ, ಕೈಕಾಲು ಒಂದಕ್ಕೊಂದು ತಾಗುತ್ತಿಲ್ಲ. ಅವನಿಗೆ ದೇಹದ ಸುಳಿವಿಲ್ಲ. ಆದರೂ 'ನಾನಿದ್ದೇನೆ' ಎಂದು ಗೊತ್ತಿರುತ್ತದೆ. ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಎಲ್ಲವನ್ನೂ ಸಂಶಯಿಸಿ ಉಳಿದದ್ದು 'ನಾನು' ಎಂದ. ಆರು ಶತಮಾನದ ಅಂತರ, ಒಂದೇ ಥರದ ಮಾತು. ಆದರೆ ಇಬ್ನ್ ಸೀನಾ ಜಗತ್ತನ್ನು ಸಂಶಯಿಸುತ್ತಿಲ್ಲ. ಅವನಿಗೆ ಬೇಕಾದದ್ದು ನಫ್ಸ್ ದೇಹವಲ್ಲ ಎಂದು ತೋರಿಸುವುದು. ಡೆಕಾರ್ಟನಿಗೆ ಬೇಕಾದದ್ದು ಅಲುಗಾಡದ ಒಂದು ಅಡಿಗಲ್ಲು. 'ಉತ್ತರ ಒಂದೇ ಇದ್ದರೆ ಪ್ರಶ್ನೆ ಒಂದೇನಾ ನೋಡು' ಎಂದು ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆವು.

ಖಾಲಿ ಕಾಗದವೂ ದ್ವೀಪದ ಮಗುವೂ. ಇಂಗ್ಲಿಷ್ ತತ್ವಜ್ಞಾನಿ ಲಾಕ್ 1690ರ ಹೊತ್ತಿಗೆ, ಹುಟ್ಟುವಾಗ ಮನಸ್ಸು ಬಿಳಿ ಕಾಗದ ಎಂದ. ಅದಕ್ಕೂ ಐನೂರು ವರ್ಷ ಹಿಂದೆ ಇಬ್ನ್ ತುಫೈಲ್ (ಸಾವು 1185) ಒಂದು ಕತೆ ಬರೆದಿದ್ದ. ಜನರಿಲ್ಲದ ದ್ವೀಪದಲ್ಲಿ ಒಂದು ಜಿಂಕೆ ಮಗುವನ್ನು ಸಾಕುತ್ತದೆ. ಜಿಂಕೆ ಸತ್ತಾಗ ಹುಡುಗ ಅದರ ಎದೆ ಬಗೆದು ನೋಡುತ್ತಾನೆ, ಹೊರಟುಹೋದದ್ದು ಏನು ಎಂದು. ಹಾಗೇ ನೋಡುತ್ತ ಯೋಚಿಸುತ್ತ, ಗುರು ಗ್ರಂಥ ಏನೂ ಇಲ್ಲದೆ, ದೇವರವರೆಗೆ ಮುಟ್ಟುತ್ತಾನೆ. ಈ ಕತೆ 1671ರಲ್ಲಿ ಆಕ್ಸ್‌ಫರ್ಡಿನಲ್ಲಿ ಲ್ಯಾಟಿನ್ ಅನುವಾದದೊಂದಿಗೆ ಅಚ್ಚಾಯಿತು. ಕಾಲ ಹತ್ತಿರವಿದೆ ಎಂದ ಮಾತ್ರಕ್ಕೆ 'ಲಾಕ್ ಇಲ್ಲಿಂದ ಎತ್ತಿದ' ಎಂದು ತೀರ್ಪು ಕೊಡಬೇಡಿ. ಆ ದ್ವೀಪದ ಹುಡುಗ ಖಾಲಿ ಕಾಗದವೇ ಅಲ್ಲ. ಯಾರೂ ಕಲಿಸದೆ ಅವನು ಒಂದು ದಿಕ್ಕಿಗೇ ನಡೆಯುತ್ತಾನೆ. ಪ್ರತಿ ಮಗುವೂ ಫಿತ್ರಾದಲ್ಲಿ ಹುಟ್ಟುತ್ತದೆ ಎಂಬ ಹದೀಸಿನ (ಪ್ರವಾದಿಯವರ ನುಡಿಗಳ ಸಂಗ್ರಹ) ಮಾತಿಗೆ ಅವನು ಹೆಚ್ಚು ಹತ್ತಿರ.

ಲೋಕಲ್ ಟ್ರೈನಿನಲ್ಲಿ ಹಾಬ್ಸ್ ಮತ್ತು ಇಬ್ನ್ ಖಲ್ದೂನ್. ಈ ಜೋಡಿಗೆ ಎರಡು ವಾರ ಕೊಡಿ. ಹಾಬ್ಸ್‌ನನ್ನು ಓದಲು ಮುಂಬೈಗಿಂತ ಒಳ್ಳೆಯ ಊರಿಲ್ಲ. ಬೆಳಿಗ್ಗೆ ಅಂಧೇರಿಯಲ್ಲಿ ವಿರಾರ್ ಕಡೆಯಿಂದ ಬರುವ ಫಾಸ್ಟ್ ಟ್ರೈನ್ ಹತ್ತಲು ಹೋದವರಿಗೆ 'ಎಲ್ಲರ ಮೇಲೆ ಎಲ್ಲರ ಯುದ್ಧ' ಎಂದರೆ ಏನೆಂದು ವಿವರಿಸಬೇಕಿಲ್ಲ. ಇಂಗ್ಲೆಂಡಿನ ಅಂತರ್ಯುದ್ಧ ಕಂಡ ಹಾಬ್ಸ್ 1651ರಲ್ಲಿ ಇದನ್ನು ಬರೆದ. ಆದರೆ ಮನುಷ್ಯ ದುಷ್ಟ ಎಂದು ಅವನು ಹೇಳಲಿಲ್ಲ. ಆಸೆಗಳು ತಾವಾಗಿಯೇ ಪಾಪವಲ್ಲ ಎಂದೇ ಬರೆದಿದ್ದಾನೆ. ಸಾಧು ಮನುಷ್ಯನೂ, ಪಕ್ಕದವನು ತಳ್ಳಿಯಾನು ಎಂಬ ಹೆದರಿಕೆಗೆ ತಾನೇ ಮೊದಲು ತಳ್ಳುತ್ತಾನೆ. ಅದಕ್ಕೇ ಎಲ್ಲರೂ ಒಪ್ಪಂದ ಮಾಡಿಕೊಂಡು ಒಬ್ಬ ಒಡೆಯನಿಗೆ ಕೋಲು ಕೊಡಬೇಕು.

ಇಬ್ನ್ ಖಲ್ದೂನ್ ಟುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ, ತನ್ನ ದೊಡ್ಡ ಪೀಠಿಕೆಯನ್ನು 1377ರಲ್ಲಿ ಬರೆದ. ಅವನೂ ಮನುಷ್ಯನಲ್ಲಿ ಪ್ರಾಣಿಯ ಆಕ್ರಮಣ ಗುಣ ಇದೆ, ತಡೆಯುವವನೊಬ್ಬ ಬೇಕು ಎನ್ನುತ್ತಾನೆ. ಇಲ್ಲಿವರೆಗೆ ಇಬ್ಬರೂ ಒಂದೇ ಟ್ರೈನು. ಆದರೆ ಅವನು ಶುರುಮಾಡುವುದು ಜಗಳದಿಂದಲ್ಲ, ರೊಟ್ಟಿಯಿಂದ. ಒಬ್ಬನ ಒಂದು ದಿನದ ಊಟಕ್ಕೆ ಗೋಧಿ ಬೀಸಬೇಕು, ನಾದಬೇಕು, ಸುಡಬೇಕು, ಅದಕ್ಕೆ ಕಮ್ಮಾರ, ಬಡಗಿ, ಕುಂಬಾರ ಬೇಕು. ಒಬ್ಬಂಟಿ ಮನುಷ್ಯ ಎಂಬುವನೇ ಇಲ್ಲ. ನಮ್ಮ ಹೋಟೆಲಿನವರು ತಲೆಯಾಡಿಸಿದರು. ಒಂದು ದೋಸೆಯ ಹಿಂದೆ ಎಷ್ಟು ಕೈ ಇವೆ ಎಂದು ಅವರಿಗೆ ಗೊತ್ತು.

ಮುಂದಿನ ಪದ ಅಸಬಿಯ್ಯಾ, ಗುಂಪಿನೊಳಗಿನ ನಂಟು, ನಮ್ಮವರು ಎಂಬ ಕಟ್ಟು. ಅದು ಏನೆಂದು ಬೊರಿವಲಿಯಿಂದ ಬರುವ ಟೀಚರ್ ಹೇಳಿಕೊಟ್ಟರು. ಅವರ ಲೇಡೀಸ್ ಡಬ್ಬಿಯಲ್ಲಿ ಒಂದು ಗ್ರೂಪ್ ಇದೆ. ಒಬ್ಬರಿಗೊಬ್ಬರು ಸೀಟು ಹಿಡಿಯುತ್ತಾರೆ, ಹುಟ್ಟುಹಬ್ಬಕ್ಕೆ ಸಿಹಿ ಹಂಚುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಹೊಸಬರು ಬಂದು ಕೂತರೆ ಕಣ್ಣಲ್ಲೇ ಎಬ್ಬಿಸುತ್ತಾರೆ. ಅದೇ ಡಬ್ಬಿಯಲ್ಲಿ ಯಾರಾದರೂ ತಲೆತಿರುಗಿ ಬಿದ್ದರೆ ನೀರು ಕೊಡುವವರೂ ಅವರೇ. ಹಾಬ್ಸ್ ಆ ಡಬ್ಬಿಯಲ್ಲಿ ಬಿಡಿಬಿಡಿ ಜನರನ್ನು ಕಾಣುತ್ತಿದ್ದ. ಇಬ್ನ್ ಖಲ್ದೂನ್ ಮೊದಲು ಗ್ರೂಪನ್ನು ಕಾಣುತ್ತಿದ್ದ.

ಅವನ ಪ್ರಕಾರ ಸುಖ ಜಾಸ್ತಿಯಾದಂತೆ ಈ ಕಟ್ಟು ಸಡಿಲವಾಗುತ್ತದೆ. ಮನೆತನದ ಗೌರವ ನಾಲ್ಕು ತಲೆಮಾರು. ಕಟ್ಟಿದವನು, ಅವನ ಜೊತೆಗಿದ್ದು ಕಲಿತವನು, ನೋಡಿದ್ದನ್ನು ಹಾಗೇ ಮಾಡುವವನು, ಕೊನೆಗೆ ಇದೆಲ್ಲ ತನ್ನ ಹುಟ್ಟಿನ ಹಕ್ಕು ಎಂದುಕೊಂಡು ಕಳೆಯುವವನು. ಇದನ್ನು ಓದಿದಾಗ ಹೋಟೆಲಿನವರಲ್ಲಿ ಒಬ್ಬರು ಜೋರಾಗಿ ನಕ್ಕರು. 'ಅಜ್ಜ ಊರಿಂದ ಬಂದು ಮೋರಿ ಹತ್ತಿರ ತಟ್ಟೆ ತೊಳೆದವರು. ಅಪ್ಪ ಗಲ್ಲಾದಲ್ಲಿ ಕೂತರು. ನಾನು ಅಪ್ಪ ಮಾಡಿದ್ದನ್ನೇ ಮಾಡುತ್ತಿದ್ದೇನೆ. ನಮ್ಮ ಮನೆ ಕತೆ ಆ ಟುನಿಸ್‌ನವನಿಗೆ ಯಾರು ಹೇಳಿದರು?' ಆಮೇಲೆ ನಗು ನಿಲ್ಲಿಸಿ, ಮಗ ಕೆನಡಾದಲ್ಲಿ ಇದ್ದಾನೆ ಎಂದರು. ಆ ಸಂಜೆ ಮುಂದೆ ಓದಲಿಲ್ಲ.

ಹೆಜ್ಜೆ 6: ಮೂರು ಗುಂಡಿಗಳು, ನೋಡಿ ನಡೆಯಿರಿ

ಮೊದಲನೆಯದು, ಮಟ್ಟ ತಪ್ಪಿಸುವುದು. ಗ್ರಂಥಕ್ಕೆ ಗ್ರಂಥ, ತತ್ವಜ್ಞಾನಿಗೆ ತತ್ವಜ್ಞಾನಿ, ಪಕ್ಕದ ಮನೆಯವರಿಗೆ ಪಕ್ಕದ ಮನೆಯವರು. ಕಾಂಟ್‌ನ ಪುಸ್ತಕವನ್ನು ನಿಮ್ಮ ಬಿಲ್ಡಿಂಗಿನ ಯಾರದ್ದೋ ನಡತೆಯ ಜೊತೆ ಹೋಲಿಸಬೇಡಿ. ಯಾರನ್ನೂ ಅವರ ಧರ್ಮದ ವಕೀಲರಾಗಿ ನಿಲ್ಲಿಸಬೇಡಿ.

ಎರಡನೆಯದು, ಒಂದೇ ಥರ ಕೇಳುವ ಮಾತು. 1945ರಲ್ಲಿ ಪ್ಯಾರಿಸ್ಸಿನ ಭಾಷಣದಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್, ಮನುಷ್ಯನಲ್ಲಿ ಇರವು ಮೊದಲು, ಸ್ವರೂಪ ಆಮೇಲೆ ಎಂದ. ಚಾಕು ಮಾಡುವವನ ತಲೆಯಲ್ಲಿ ಚಾಕುವಿನ ಕಲ್ಪನೆ ಮೊದಲೇ ಇರುತ್ತದೆ, ಮನುಷ್ಯನಿಗೆ ಅಂಥ ಮಾಡಿದವನಿಲ್ಲ, ಆದ್ದರಿಂದ ತನ್ನನ್ನು ತಾನೇ ಮಾಡಿಕೊಳ್ಳಬೇಕು. ಇರಾನಿನ ತತ್ವಜ್ಞಾನಿ ಮುಲ್ಲಾ ಸದ್ರಾ ಮೂರು ಶತಮಾನ ಮೊದಲೇ ಇರವೇ ಮೂಲ ಎಂದಿದ್ದ. ಬ್ಯಾಂಕಿನವರು 'ಸಿಕ್ಕಿತು!' ಎಂದು ಮೇಜು ಗುದ್ದಿದರು. ಸಿಗಲಿಲ್ಲ. ಸದ್ರಾ ಹೇಳುವುದು ಇರುವುದೆಲ್ಲದರ ಬಗ್ಗೆ, ಆ ಇರವಿನ ಮೂಲ ಅವನಿಗೆ ದೇವರೇ. ಸಾರ್ತ್ರ್ ಮತ್ತು ಫಿತ್ರಾ ನಡುವೆ ಸೇತುವೆ ಕಟ್ಟಲು ಹೋಗಬೇಡಿ. ಒಬ್ಬ ಮಾಡಿದವನೇ ಇಲ್ಲ ಎನ್ನುತ್ತಾನೆ, ಇನ್ನೊಂದು ಮಾಡಿದವನ ಗುರುತು ಒಳಗೇ ಇದೆ ಎನ್ನುತ್ತದೆ. ಹೊಂದದ್ದನ್ನು ಹೊಂದದ್ದು ಎಂದೇ ಬರೆಯಿರಿ.

ಮೂರನೆಯದು, ಕವಿ ಇಕ್ಬಾಲ್ (1877–1938) ಥರದವರು. ಕೇಂಬ್ರಿಜ್‌ನಲ್ಲಿ ಓದಿ, ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದು, 'ಖುದಿ' ಎಂಬ ತಾನಿನ ತತ್ವ ಕಟ್ಟಿದವರು. 1929ರಲ್ಲಿ ಮೈಸೂರಿಗೂ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿ ನೋಡಿ ಹೋದರು. ಎರಡೂ ಕಡೆಗೆ ಸೇರುವ ಇಂಥವರಿಗೆ ಬೇರೆಯೇ ಪುಟ ಬಿಡಿ.

ಹೆಜ್ಜೆ 7: ಒಂದು ಸಂಜೆ ಮಾಹಿಮ್‌ಗೆ

ಮಾಹಿಮ್ ದರ್ಗಾದ ಮುಂದೆ ನಾನು ಎಷ್ಟೋ ವರ್ಷ ಬಸ್ಸಿನಲ್ಲಿ ಹೋಗಿದ್ದೇನೆ. ಡಿಸೆಂಬರಿನ ಜಾತ್ರೆ, ಪೊಲೀಸರು ಚಾದರ್ ಹೊತ್ತು ಬರುವುದು, ಅಷ್ಟೇ ಗೊತ್ತಿತ್ತು. ಅಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ (1372–1431) ಅರಬ್ಬಿಯಲ್ಲಿ ಕುರ್‌ಆನಿಗೆ ವ್ಯಾಖ್ಯಾನ ಬರೆದ ವಿದ್ವಾಂಸರು, ಸೂಫಿ ಚಿಂತಕ ಇಬ್ನ್ ಅರಬಿಯ (1165–1240) ಚಿಂತನೆಯ ದಾರಿಯವರು ಎಂದು ಈ ಓದಿನಿಂದಲೇ ತಿಳಿಯಿತು. ದೇವರು ತನ್ನನ್ನು ನೋಡಿಕೊಳ್ಳುವ ಕನ್ನಡಿ ಮನುಷ್ಯ ಎಂಬುದು ಇಬ್ನ್ ಅರಬಿಯ ಚಿತ್ರ. ಇಬ್ನ್ ಖಲ್ದೂನ್ 1406ರಲ್ಲಿ ಕೈರೋದಲ್ಲಿ ತೀರಿಕೊಂಡಾಗ ಮಾಹಿಮಿಯವರಿಗೆ 34ರ ಆಸುಪಾಸು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಈ ಕಡಲ ದಂಡೆಯಲ್ಲಿ ಬಾಳಿ ಬರೆದವರು ಅವರು. ಜಾತ್ರೆಯ ದಿನ ಬಿಟ್ಟು ವಾರದ ಮಧ್ಯೆ ಹೋಗಿ, ತಲೆಗೆ ಕರ್ಚೀಫು ಇರಲಿ, ಚಪ್ಪಲಿ ಹೊರಗೆ ಬಿಡಿ. ವಾದ ಮಾಡಬೇಡಿ, ಸುಮ್ನೆ ಕೂತು ಬನ್ನಿ.

ಮೊದಲ ಪುಟದ ಚೀಟಿಗಳನ್ನು ನಾವು ತೆರೆದದ್ದು ವಾಪಸ್ ಬರುವಾಗ, ಮಾಹಿಮ್ ಸ್ಟೇಷನ್ನಿನ ಬೆಂಚಿನ ಮೇಲೆ. ಯಾರೂ ಕೇಳದೆ ಅಕೌಂಟೆಂಟ್ ಗೆಳೆಯರೇ ಮಾತು ತೆಗೆದರು. 'ಹುಟ್ಟುಗುಣ' ಚೀಟಿ ಅವರದ್ದಂತೆ. ಅದನ್ನು ಬದಲಿಸುವುದಿಲ್ಲ ಎಂದರು. ಬ್ಯಾಂಕಿನವರು ಒಪ್ಪಲಿಲ್ಲ. ಹಾಗಾಗಿ ಮುಂದಿನ ಜೋಡಿ ಗೊತ್ತಾಯಿತು: ಅಭ್ಯಾಸದ ಬಗ್ಗೆ ಅರಿಸ್ಟಾಟಲ್, ಮತ್ತು ಅವನಿಂದ ಕಲಿತು ಅರಬ್ಬಿಯಲ್ಲಿ ನೀತಿಯ ಪುಸ್ತಕ ಬರೆದ ಮಿಸ್ಕವೈಹ್ (ಸಾವು 1030). ಕಲ್ಲನ್ನು 10,000 ಸಲ ಮೇಲಕ್ಕೆ ಎಸೆದರೂ ಅದಕ್ಕೆ ಮೇಲೇರುವ ಅಭ್ಯಾಸ ಬರುವುದಿಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಮನುಷ್ಯ ಆ ಕಲ್ಲಾ, ಅಲ್ವಾ ಎಂದು ಇಬ್ಬರೂ ಶುರು ಮಾಡುವಷ್ಟರಲ್ಲಿ ಚರ್ಚ್‌ಗೇಟ್ ಸ್ಲೋ ಬಂತು. ಜೆರಾಕ್ಸ್ ಮಾಡಿಸುವ ಸರದಿ ಈ ಸಲ ನನ್ನದು.